ಮೆಟಾಲಿಕಾದ 72 ಸೀಸನ್ಸ್ ಹಳೆಯ ಆಲ್ಬಂಗಳ ಎದುರು ನಿಲ್ಲುತ್ತದೆಯೇ? ಬದಿಯಡ್ಕದ ಕೂಟಕ್ಕೆ ಪಟ್ಟಿ ಬೇಕು

ಕುಂಬಳೆ ರಿಫ್

ಮುಂದಿನ ತಿಂಗಳು ಬದಿಯಡ್ಕದಲ್ಲಿ ಎರಡು ಗಂಟೆಯ ಒಂದು ಕೂಟ ಉಂಟು. ಇಪ್ಪತ್ತು ಜನ ಕೂತು ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ಕೇಳುವುದು, ಮತ್ತೆ ಚರ್ಚೆ. ಹಳೆಯದು ಅಂದರೆ 1983ರ ಕಿಲ್ ಎಮ್ ಆಲ್‌ನಿಂದ 1988ರ ಆ್ಯಂಡ್ ಜಸ್ಟಿಸ್ ಫಾರ್ ಆಲ್‌ವರೆಗಿನ ನಾಲ್ಕು ಆಲ್ಬಂ (ನಡುವಿನವು ರೈಡ್ ದ ಲೈಟ್ನಿಂಗ್, ಮಾಸ್ಟರ್ ಆಫ್ ಪಪೆಟ್ಸ್). ಹೊಸದು ಅಂದರೆ 2008ರ ಡೆತ್ ಮ್ಯಾಗ್ನೆಟಿಕ್, 2016ರ ಹಾರ್ಡ್‌ವೈರ್ಡ್, 2023ರ 72 ಸೀಸನ್ಸ್. ನಡುವಿನ ಬ್ಲ್ಯಾಕ್ ಆಲ್ಬಂ, ಲೋಡ್, ರೀಲೋಡ್, ಸೇಂಟ್ ಆ್ಯಂಗರ್ ಬೇರೆಯೇ ಜಗಳ, ಅದನ್ನು ಬೇಕೆಂದೇ ಹೊರಗೆ ಇಟ್ಟಿದ್ದೇವೆ.

ಈಗಲೇ ಎರಡು ಪಂಗಡ ಆಗಿದೆ. ಒಂದು ಪಂಗಡದವರು ಬೇಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಹೋದ 1986ಕ್ಕೇ ಬ್ಯಾಂಡ್ ಮುಗಿಯಿತು ಎನ್ನುತ್ತಾರೆ. ಇನ್ನೊಂದು ಪಂಗಡಕ್ಕೆ 72 ಸೀಸನ್ಸ್‌ನ ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ಪಂಕ್ತಿಗಳು) ಮಾಸ್ಟರ್ ಆಫ್ ಪಪೆಟ್ಸ್‌ನ ರಿಫ್‌ಗಳಿಗೆ ಯಾವುದರಲ್ಲೂ ಕಡಿಮೆಯಿಲ್ಲ. ಬರೀ ಬೊಬ್ಬೆ ಆಗಬಾರದು ಅಂತ ಕೇಳುವುದು: ಯಾವ ಹಾಡಿಗೆ ಯಾವ ಹಾಡು ಜೋಡಿ ಮಾಡಿದರೆ ನ್ಯಾಯ? ಹೊಸದು ಜೋರು, ಹಳೆಯದು ಸಣ್ಣ ಕೇಳುತ್ತದೆ, ಅದನ್ನು ಸರಿಮಾಡುವುದು ಹೇಗೆ? ಮತ್ತೆ, ನಿಮ್ಮ ಪ್ರಕಾರ ಹೊಸದರಲ್ಲಿ ನಿಜಕ್ಕೂ ಕಡಿಮೆ ಆಗಿರುವುದು ಏನು?

ಇನ್ನೊಂದು. ಕೊನೆಗೆ ಇಬ್ಬರು ಗಿಟಾರ್‌ನಲ್ಲಿ, ಒಬ್ಬರು ಬೇಸ್‌ನಲ್ಲಿ ಮಾಸ್ಟರ್ ಆಫ್ ಪಪೆಟ್ಸ್‌ನ ಮೊದಲ ಭಾಗ ನುಡಿಸುತ್ತಾರೆ. ಡ್ರಮ್ ಸೆಟ್ ಇಲ್ಲ. ಯಕ್ಷಗಾನದ ಚೆಂಡೆಯವರು ಒಬ್ಬರು ಬರುತ್ತೇನೆ ಎಂದಿದ್ದಾರೆ. ಅದು ಆಗುವ ಮಾತೇ?

ಹೊಸೂರು ಡೆಸಿಬೆಲ್

ಮೊದಲು ವಾಲ್ಯೂಮ್ ವಿಷಯ. ಅದು ಸರಿಯಾಗದೆ ಮಿಕ್ಕ ಚರ್ಚೆಗೆ ಅರ್ಥವೇ ಇಲ್ಲ. ಎರಡು ಹಾಡುಗಳ ನಡುವೆ ಒಂದೇ ಒಂದು ಡೆಸಿಬೆಲ್ ವ್ಯತ್ಯಾಸ ಇದ್ದರೂ ಕಿವಿ ಅದನ್ನು 'ಜೋರು' ಅಂತ ಗುರುತಿಸುವುದಿಲ್ಲ, 'ಚೆನ್ನಾಗಿದೆ, ಸ್ಪಷ್ಟವಾಗಿದೆ' ಅಂತ ಗುರುತಿಸುತ್ತದೆ. ಸದ್ದು ಕಡಿಮೆ ಇದ್ದಾಗ ಬೇಸ್ (ತಗ್ಗಿನ ಸ್ವರಗಳು) ಇನ್ನೂ ಕಡಿಮೆ ಕೇಳುತ್ತದೆ. ಹಾಗಾಗಿ ಹಳೆಯ ಸಿಡಿಯನ್ನೂ ಡೆತ್ ಮ್ಯಾಗ್ನೆಟಿಕ್ಕನ್ನೂ ಗುಂಡಿ ಮುಟ್ಟದೆ ಒಂದೇ ಮಟ್ಟದಲ್ಲಿ ಹಾಕಿದರೆ, ಹಳೆಯದು ಬಡಕಲಾಗಿದೆ ಅಂತ ಇಪ್ಪತ್ತು ಜನರೂ ಒಪ್ಪಿಬಿಡುತ್ತಾರೆ. ಅದೇ ಹೊಸದನ್ನು ಅರ್ಧ ಗಂಟೆ ಒಂದೇ ಸಮ ಕೇಳಿಸಿದರೆ ತಲೆ ಭಾರವಾಗಿ 'ಇದೇನು ಗಲಾಟೆ' ಅನ್ನುತ್ತಾರೆ. ಎರಡೂ ಹಾಡಿನ ಗುಣದ ಬಗೆಗಿನ ತೀರ್ಪಲ್ಲ.

ಮಾಡಬೇಕಾದ್ದು ಹೀಗೆ. ಹಾಡುಗಳನ್ನು ಸಿಡಿಯಿಂದ ವೇವ್ ಅಥವಾ ಫ್ಲ್ಯಾಕ್ (ಗುಣ ಕಳೆಯದ ಫೈಲ್) ಆಗಿ ತೆಗೆಯಿರಿ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು, ಎಫೆಕ್ಟ್ ಮೆನುವಿನ ಲೌಡ್‌ನೆಸ್ ನಾರ್ಮಲೈಸೇಶನ್‌ಗೆ ಹೋಗಿ ಮೈನಸ್ 18 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಕೊಡಿ. ಒಂದೊಂದು ಹಾಡಿಗೂ ಬೇರೆ ಬೇರೆಯಾಗಿ ಮಾಡಬೇಕು. ಮೈನಸ್ 18 ಯಾಕೆಂದರೆ ಅಷ್ಟು ತಗ್ಗಿನಲ್ಲಿ ಹಳೆಯದನ್ನೂ ಇಳಿಸುವುದೇ ಆಗುತ್ತದೆ, ಎತ್ತಬೇಕಾದ ಪ್ರಮೇಯ ಬರುವುದಿಲ್ಲ. ಎತ್ತಲು ಹೋದರೆ ಸ್ನೇರ್ ಡ್ರಮ್ಮಿನ ಹೊಡೆತದ ತುದಿಗಳು ಕತ್ತರಿಸಿಹೋಗುತ್ತವೆ. ಆಮೇಲೆ ಮತ್ತೆ ವೇವ್ ಆಗಿಯೇ ಉಳಿಸಿ, ಎಂಪಿ3 ಬೇಡ. ಆ್ಯಪ್‌ನಿಂದಲೇ ಹಾಕುವುದಾದರೆ ನಾರ್ಮಲೈಸೇಶನ್ ಆನ್ ಇರಲಿ, ಹಾಡುಗಳೆಲ್ಲ ಒಂದು ಪ್ಲೇಲಿಸ್ಟಿನಲ್ಲಿರಲಿ. ಆಲ್ಬಂ ಪುಟದಿಂದ ನೇರ ಹಾಕಿದರೆ ಆಲ್ಬಮ್ಮಿಗೆಲ್ಲ ಸೇರಿ ಒಂದೇ ಅಳತೆ ಹಾಕುವ ಆ್ಯಪ್‌ಗಳಿವೆ. ಅಲ್ಲಿ ಸಿಗುವ ಮಾಸ್ಟರ್ ಆಫ್ ಪಪೆಟ್ಸ್ 1986ರ ಮೂಲ ಸಿಡಿಯದಲ್ಲ, 2017ರ ರೀಮಾಸ್ಟರ್, ಅಂದರೆ ಮರುಸಂಸ್ಕರಿಸಿದ್ದು. ಇದನ್ನು ಕೂಟದಲ್ಲೂ ಹೇಳಿಬಿಡಿ.

ಡೆತ್ ಮ್ಯಾಗ್ನೆಟಿಕ್ ಬಗ್ಗೆ ಬೇರೆಯೇ ಹೇಳಬೇಕು. ಸದ್ದಿನ ಏರಿಳಿತ ಅಳೆಯುವ ಡಿಆರ್ ಲೆಕ್ಕದಲ್ಲಿ ಮಾಸ್ಟರ್‌ನ ಮೂಲ ಸಿಡಿ 12ರ ಆಸುಪಾಸಿನಲ್ಲಿದ್ದರೆ ಇದು 3ರ ಆಸುಪಾಸು. ಅಂದರೆ ಮೆಲ್ಲಗಿರಬೇಕಾದ್ದೂ ಜೋರು, ಜೋರಿರಬೇಕಾದ್ದೂ ಅಷ್ಟೇ ಜೋರು. ಅಲೆಯ ತುದಿ ಚಪ್ಪಟೆಯಾದಾಗ ಮೂಲದಲ್ಲಿಲ್ಲದ ಮೇಲಿನ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಮತ್ತು ಸ್ನೇರ್ ಬಿದ್ದಾಗೆಲ್ಲ ಕೇಳುವ ಚರಚರ ಸದ್ದು ಅದೇ, ನಿಮ್ಮ ಸ್ಪೀಕರ್ ಹಾಳಾಗಿಲ್ಲ. ಮಾಸ್ಟರಿಂಗ್ (ಬಿಡುಗಡೆಗೆ ಮೊದಲಿನ ಕೊನೆಯ ಧ್ವನಿ ಸಂಸ್ಕರಣೆ) ಮಾಡಿದ ಟೆಡ್ ಜೆನ್ಸನ್ ಕೈಗೆ ಬರುವ ಮೊದಲೇ ಮಿಕ್ಸ್ ಹಾಗೆ ಹಿಂಡಿಹೋಗಿತ್ತು. ಅದೇ ಹಾಡುಗಳು ಗಿಟಾರ್ ಹೀರೋ ವಿಡಿಯೊ ಆಟಕ್ಕೂ ಹೋಗಿದ್ದವು. ಅಲ್ಲಿ ಇಷ್ಟು ಹಿಂಡಿರಲಿಲ್ಲವಾದ್ದರಿಂದ ಅಭಿಮಾನಿಗಳಿಗೆ ವ್ಯತ್ಯಾಸ ಕಣ್ಣಿಗೆ ಕಟ್ಟಿದಂತೆ ಗೊತ್ತಾಯಿತು. ಆಡಾಸಿಟಿಯ ವ್ಯೂ ಮೆನುವಿನಲ್ಲಿ ಕ್ಲಿಪಿಂಗ್ (ತುದಿ ಕತ್ತರಿಸಿದ ಜಾಗ) ತೋರಿಸುವ ಆಯ್ಕೆ ಇದೆ. ಮೈನಸ್ 18ಕ್ಕೆ ಇಳಿಸದ ಮೂಲ ಫೈಲಿಗೆ ಅದನ್ನು ಹಾಕಿ ಪರದೆಯ ಮೇಲೆ ಜನರಿಗೆ ತೋರಿಸಿ, ಹಾಡಿನ ತುಂಬ ಕೆಂಪು ಗೆರೆ. ವಾಲ್ಯೂಮ್ ಸಮ ಮಾಡಿದರೆ ಈ ಒಡಕು ಹೋಗುವುದಿಲ್ಲ, ಅದು ಒಳಗೇ ಕೂತಿದೆ. ಇದು ಧ್ವನಿಯ ದೋಷ, ಹಾಡಿನ ದೋಷ ಅಲ್ಲ. ಎರಡನ್ನೂ ಬೇರೆ ಮಾಡಿ ಕೇಳಿದವರಿಗೆ ಆ ಆಲ್ಬಮ್ಮಿನೊಳಗೆ ತುಂಬ ಒಳ್ಳೆಯ ರಿಫ್‌ಗಳು ಸಿಗುತ್ತವೆ.

ಬಾಡಿಗೆ ಸ್ಪೀಕರ್ ತರುವುದಾದರೆ ಒಂದು ಎಚ್ಚರಿಕೆ. ಮದುವೆ ಮನೆಗೆ ಹಾಕುವ ಹಾಗೆ ಬೇಸ್ ಮತ್ತು ಟ್ರೆಬಲ್ ಎರಡನ್ನೂ ಏರಿಸಿಟ್ಟಿರುತ್ತಾರೆ. ಗಿಟಾರ್ ಇರುವುದೇ ಆ ಎರಡರ ನಡುವೆ. ಎಲ್ಲ ಗುಂಡಿಗಳನ್ನೂ ನೇರಕ್ಕೆ ತರಿಸಿ, ಫೋನಿನ ಮೀಟರಿನಲ್ಲಿ 80ರಿಂದ 85 ಡೆಸಿಬೆಲ್‌ಗೆ ನಿಲ್ಲಿಸಿ. ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ. ಅದು ತಾನೇ ಸದ್ದನ್ನು ಹಿಂಡುತ್ತದೆ, ಆಗ ಹಳೆಯದೂ ಹೊಸದರಂತೆಯೇ ಕೇಳುತ್ತದೆ.

ಚಂದ್ರಗಿರಿ ಬೇಸ್

ಜೋಡಿ ಹೇಳುತ್ತೇನೆ ಮಾರಾಯ್ರೇ. ಹಾಡಿನ ಕೆಲಸ ಏನು ಅಂತ ನೋಡಿ ಜೋಡಿ ಮಾಡಬೇಕು, ಹೆಸರು ನೋಡಿ ಅಲ್ಲ.

ಆಲ್ಬಮ್ಮಿನ ಕೊನೆಗೆ ಬರುವ ವೇಗದ ಹಾಡು: ಡ್ಯಾಮೇಜ್ ಇಂಕ್ (5:32) ಮತ್ತು ಹಾರ್ಡ್‌ವೈರ್ಡ್‌ನ ಸ್ಪಿಟ್ ಔಟ್ ದ ಬೋನ್ (7:09). ನಾಲ್ಕನೆಯ ಹಾಡಿನ ಅಚ್ಚು: ಫೇಡ್ ಟು ಬ್ಲ್ಯಾಕ್ (6:57) ಮತ್ತು ದ ಡೇ ದ್ಯಾಟ್ ನೆವರ್ ಕಮ್ಸ್ (7:56). ಈ ಅಚ್ಚು ಗಮನಿಸಬೇಕಾದ್ದು. ರೈಡ್ ದ ಲೈಟ್ನಿಂಗ್, ಮಾಸ್ಟರ್, ಜಸ್ಟಿಸ್ ಮೂರರಲ್ಲೂ ನಾಲ್ಕನೆಯ ಹಾಡು ಮೆಲ್ಲಗೆ ಶುರುವಾಗಿ ಕೊನೆಗೆ ಓಡುವಂಥದ್ದು. ಇಪ್ಪತ್ತು ವರ್ಷ ಕಳೆದು ಡೆತ್ ಮ್ಯಾಗ್ನೆಟಿಕ್‌ನಲ್ಲೂ ಅದೇ ಜಾಗಕ್ಕೆ ಅದೇ ತರಹದ ಹಾಡು ಇಟ್ಟಿದ್ದಾರೆ. ಚುಟುಕು ಹಾಡು: ಮೋಟಾರ್‌ಬ್ರೆತ್ (3:08) ಮತ್ತು ಲಕ್ಸ್ ಇಟರ್ನಾ (3:22). ಉದ್ದದ್ದು: ಓರಿಯನ್ (8:27) ಮತ್ತು ಇನಾಮೊರಾಟಾ (11:10). ಎರಡರಲ್ಲೂ ನಡುವೆ ಗದ್ದಲ ನಿಂತು ಬೇಸ್ ಮುಂದೆ ಬರುತ್ತದೆ. ಒಂದರಲ್ಲಿ ಬರ್ಟನ್, ಇನ್ನೊಂದರಲ್ಲಿ ಈಗಿನ ಬೇಸ್ ವಾದಕ ರಾಬರ್ಟ್ ಟ್ರುಹಿಯೊ. ಎಂಟೂ ಸೇರಿ 53 ನಿಮಿಷ 41 ಸೆಕೆಂಡ್. ಮಾತಿಗೆ ಒಂದು ಗಂಟೆ ಉಳಿಯುತ್ತದೆ.

ಜಸ್ಟಿಸ್‌ನಿಂದ ಏನೂ ತೆಗೆದುಕೊಳ್ಳದ್ದು ಬೇಕೆಂದೇ. ಅದರ ಮಿಕ್ಸಿನಲ್ಲಿ ಬರ್ಟನ್ ನಂತರ ಬಂದ ಜೇಸನ್ ನ್ಯೂಸ್ಟೆಡ್ ಬೇಸ್ ಕೇಳುವುದೇ ಇಲ್ಲ ಅನ್ನಬಹುದು. ಅದನ್ನು ಹೊಸದರ ಪಕ್ಕ ಇಟ್ಟರೆ ಹೊಸದು ಸುಲಭದಲ್ಲಿ ಗೆದ್ದ ಹಾಗೆ ಕಾಣುತ್ತದೆ.

ಈಗ ಹೊಸದರಲ್ಲಿ ಕಡಿಮೆ ಆಗಿರುವುದು ಏನು ಅಂತ. ರಿಫ್ ಅಲ್ಲ, ಕತ್ತರಿ. ಮಾಸ್ಟರ್ ಎಂಟು ಹಾಡು, ಹತ್ತಿರ ಹತ್ತಿರ 55 ನಿಮಿಷ. ರೈಡ್ ಎಂಟು ಹಾಡು, 47 ನಿಮಿಷ. ಒಂದು ಎಲ್‌ಪಿ ತಟ್ಟೆಯ ಎರಡು ಮಗ್ಗುಲಿಗೆ ಅದಕ್ಕಿಂತ ಹೆಚ್ಚು ತುಂಬಿದರೆ ಗೆರೆಗಳು ಒತ್ತೊತ್ತಾಗಿ ಸದ್ದು ಇಳಿಯುತ್ತದೆ, ಬೇಸ್ ಸೊರಗುತ್ತದೆ. ಹಾಗಾಗಿ ಹಾಡು ಬಿಡಲೇಬೇಕಿತ್ತು. 65 ನಿಮಿಷದ ಜಸ್ಟಿಸ್‌ಗೆ ಎರಡು ತಟ್ಟೆ ಬೇಕಾಯಿತು. ಸಿಡಿ ಬಂದ ಮೇಲೆ ಆ ಬೇಲಿ ಹೋಯಿತು. ಡೆತ್ ಮ್ಯಾಗ್ನೆಟಿಕ್ 75 ನಿಮಿಷ, ಹಾರ್ಡ್‌ವೈರ್ಡ್ ಮತ್ತು 72 ಸೀಸನ್ಸ್ ತಲಾ 77 ನಿಮಿಷ, ಹನ್ನೆರಡು ಹನ್ನೆರಡು ಹಾಡು. ಸ್ಲೀಪ್‌ವಾಕ್ ಮೈ ಲೈಫ್ ಅವೇ (6:56), ಅದರ ಬೆನ್ನಿಗೇ ಯು ಮಸ್ಟ್ ಬರ್ನ್ (7:03). ಒಂದೇ ನಡಿಗೆಯ 14 ನಿಮಿಷ. ಒಂದೊಂದನ್ನೇ ಕೇಳಿದರೆ ಚಂದ ಉಂಟು, ಬೆನ್ನುಬೆನ್ನಿಗೆ ಬಂದಾಗ ಎರಡೂ ಸಪ್ಪೆ.

ಬೇಕಿದ್ದರೆ 72 ಸೀಸನ್ಸನ್ನೇ ಹಳೆಯ ಅಳತೆಗೆ ತಂದು ನೋಡಿ. ಎ ಮಗ್ಗುಲು: ಶೀರ್ಷಿಕೆ ಹಾಡು, ಶ್ಯಾಡೋಸ್ ಫಾಲೋ, ಸ್ಕ್ರೀಮಿಂಗ್ ಸೂಯಿಸೈಡ್, ಲಕ್ಸ್ ಇಟರ್ನಾ. ಬಿ ಮಗ್ಗುಲು: ಇಫ್ ಡಾರ್ಕ್‌ನೆಸ್ ಹ್ಯಾಡ್ ಎ ಸನ್, ಟೂ ಫಾರ್ ಗಾನ್, ರೂಮ್ ಆಫ್ ಮಿರರ್ಸ್, ಇನಾಮೊರಾಟಾ. ಎ 22:43, ಬಿ 27:54, ಒಟ್ಟು 50 ನಿಮಿಷ 37 ಸೆಕೆಂಡ್. ರೈಡ್‌ಗಿಂತ ಉದ್ದ, ಮಾಸ್ಟರ್‌ಗಿಂತ ಗಿಡ್ಡ. ಇದೇ ಕ್ರಮದಲ್ಲಿ ಒಂದು ವಾರ ಕೇಳಿ, ಮತ್ತೆ ಹೇಳಿ ಬ್ಯಾಂಡ್ ಮುಗಿದಿದೆಯಾ ಅಂತ. ಇಷ್ಟು ಕೊಟ್ಟಿದ್ದರೆ 1988ರ ನಂತರದ ಅವರ ಅತ್ಯುತ್ತಮ ಆಲ್ಬಂ ಇದೇ ಆಗುತ್ತಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಕಲಕೋಟ ಥ್ರಾಶ್

ಚಂದ್ರಗಿರಿಯವರ ಲೆಕ್ಕ ಖರೆ ಐತ್ರಿ, ಆದ್ರ ಬರೇ ಕತ್ತರಿ ಆಡಿಸಿದ್ರ ಹಳೇದು ಆಗೂದಿಲ್ಲ. ಕಡಿಮಿ ಆಗಿದ್ದು ಎರಡನೇ ದನಿ.

ಹಳೇ ಆಲ್ಬಮ್ಮಿನ್ಯಾಗ ಗಿಟಾರ್ ಒಂದು ಕಡೆ ಹೊಂಟಾಗ ಬೇಸ್ ಇನ್ನೊಂದು ಕಡೆ ಹೊಂಟಿರ್ತದ. ಫಾರ್ ಹೂಮ್ ದ ಬೆಲ್ ಟೋಲ್ಸ್ ಶುರುವಾತಿನ್ಯಾಗ ಗಿಟಾರ್ ಅಂತ ಮಂದಿ ತಿಳಕೊಂಡಿದ್ದು ಬರ್ಟನ್ನನ ಬೇಸ್. ಡ್ಯಾಮೇಜ್ ಇಂಕ್ ಮೊದಲಿಗೆ ಮಂಜಿನಂಗ ಎದ್ದು ಬರೂ ಸ್ವರ ಎಲ್ಲಾ ಬೇಸೇ, ಗಿಟಾರ್ ಅಲ್ಲ. ಓರಿಯನ್ ನಡುವಿನ ಭಾಗ ನಿಂತಿದ್ದೇ ಬೇಸಿನ ಮ್ಯಾಲ, ಅದರ ಮ್ಯಾಲ ಎರಡು ಗಿಟಾರ್ ಜೋಡಿಯಾಗಿ ಹಾಡ್ತಾವ. ರೈಡ್ ಆಲ್ಬಮ್ಮಿನ ಎಂಟು ಹಾಡಿನ್ಯಾಗ ಆರಕ್ಕ ಬರ್ಟನ್ನನ ಹೆಸರು ಬರವಣಿಗ್ಯಾಗ ಐತಿ. ಕಿಲ್ ಎಮ್ ಆಲ್‌ನ ನಾಕು ಹಾಡು, ರೈಡ್‌ನ ಎರಡು ಹಾಡಿಗೆ ಮೊದಲಿನ ಗಿಟಾರ್ ವಾದಕ ಡೇವ್ ಮಸ್ಟೇನ್ ಹೆಸರೂ ಐತಿ. ಅಂದ್ರ ಆವಾಗ ನಾಕು ತಲಿ ಕೂಡಿ ಜಗಳಾಡಿ ಹಾಡು ಕಟ್ಟತಿದ್ರು.

ಹಾರ್ಡ್‌ವೈರ್ಡ್ ನೋಡ್ರಿ. ಲೀಡ್ ಗಿಟಾರಿನ ಕರ್ಕ್ ಹ್ಯಾಮೆಟ್ ತನ್ನ ರಿಫ್‌ಗಳನ್ನ ಫೋನಿನ್ಯಾಗ ಇಟ್ಟಿದ್ದ, ಫೋನ್ ಕಳಕೊಂಡ. ಬ್ಯಾರೆ ಪ್ರತಿ ಇರಲಿಲ್ಲ. ಆ ಆಲ್ಬಮ್ಮಿನ ಬರವಣಿಗ್ಯಾಗ ಅವನ ಹೆಸರು ಒಂದು ಕಡೆನೂ ಇಲ್ಲ. ಹಾಡಿ ಗಿಟಾರ್ ನುಡಿಸೂ ಹೆಟ್‌ಫೀಲ್ಡ್ ಮತ್ತ ಡ್ರಮ್ಮಿನ ಉಲ್ರಿಕ್ ಇಬ್ಬರೇ ಕಟ್ಟಿದಾಗ ರಿಫ್ ಗಟ್ಟಿ ಇರ್ತದ, ಎದುರಾಡೂ ದನಿ ಇರೂದಿಲ್ಲ. 72 ಸೀಸನ್ಸ್‌ನ್ಯಾಗ ಹ್ಯಾಮೆಟ್, ಟ್ರುಹಿಯೊ ಇಬ್ಬರೂ ಮತ್ತ ಬರಿಯಾಕ ಕುಂತಾರ. ಆದ್ರ ಭಾಳ ಹಾಡಿನ್ಯಾಗ ಬೇಸ್ ಗಿಟಾರಿನ ನೆರಳಿನಂಗ ಅದರ ಹಿಂದಿಂದನ ಹೊಂಟದ.

ಸೋಲೋ (ಗಿಟಾರ್ ಒಂದೇ ಮುಂದ ಬಂದು ನುಡಿಸೂ ಭಾಗ) ಬಗ್ಗೆನೂ ಒಂದು ಮಾತು. ಮಾಸ್ಟರ್ ಶೀರ್ಷಿಕೆ ಹಾಡಿನ್ಯಾಗ ಮೂರೂವರೆ ನಿಮಿಷದ ಹೊತ್ತಿಗೆ ಎಲ್ಲಾ ತಣ್ಣಗ ಆಗಿ ಬರೂ ಮೊದಲನೇ ಸೋಲೋ ಹೆಟ್‌ಫೀಲ್ಡಂದು. ಅದನ್ನ ಬಾಯಿಲೆ ಗುನುಗಬಹುದು. ಆಮ್ಯಾಲ ಬರೂದು ಹ್ಯಾಮೆಟ್ಟಂದು, ಬೆಂಕಿ. ಹೊಸಾದ್ರಾಗ ಸೋಲೋ ಬಂತಂದ್ರ ಬಹಳ ಸಲ ವಾ ಪೆಡಲ್ (ಸ್ವರಾನ ವಾ-ವಾ ಅನ್ನಿಸೂ ಸಾಧನ) ತುಳದು ಒಂದ ಸ್ಕೇಲಿನ್ಯಾಗ ಓಡಾಡಿ ಮುಗಿತದ. ಗುನುಗಾಕ ಒಂದೂ ಸಿಗೂದಿಲ್ಲ. ಕೂಟದಾಗ ಇದನ್ನ ಪರೀಕ್ಷಾ ಮಾಡ್ರಿ: ಹಾಡು ಮುಗಿದು ಎರಡು ನಿಮಿಷ ಆದಮ್ಯಾಲ ಸೋಲೋ ಯಾರರೆ ಗುನುಗ್ರಿ ಅಂತ ಕೇಳ್ರಿ.

ಕುಂಬಳೆ ರಿಫ್

ಬಹಳ ಉಪಕಾರ. ಆ ಗುನುಗುವ ಪರೀಕ್ಷೆ ಖಂಡಿತ ಇಡುತ್ತೇವೆ. ಹಾಡುಗಾರಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ಮಾಸ್ಟರ್ ಬರುವಾಗ ಹೆಟ್‌ಫೀಲ್ಡ್‌ಗೆ 22 ವರ್ಷ, 72 ಸೀಸನ್ಸ್ ಬರುವಾಗ 59. ಗಂಟಲು ಹಾಗೆಯೇ ಇರಬೇಕು ಎನ್ನುವುದು ನ್ಯಾಯವಲ್ಲ ಅಂತ ನನಗೆ ಕಾಣುತ್ತದೆ. ವಸ್ತುವೂ ಬದಲಾಗಿದೆ. ಆಗ ಯುದ್ಧ, ಮರಣದಂಡನೆ, ಮಾದಕ ದ್ರವ್ಯ. ಈಗಿನ ಆಲ್ಬಮ್ಮಿನ ಹೆಸರೇ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಎಪ್ಪತ್ತೆರಡು ಋತುಗಳು, ಅಂದರೆ ಬಾಲ್ಯ ನಮ್ಮ ಮೇಲೆ ಬಿಟ್ಟ ಗುರುತು. ಇದು ಅವರು 22ರಲ್ಲಿ ಬರೆಯಲು ಆಗುತ್ತಿದ್ದ ವಿಷಯವೇ ಅಲ್ಲ.

ಚೆಂಡೆಯ ವಿಷಯಕ್ಕೆ ಯಾರಾದರೂ ಹೇಳಿ.

ಪಯಸ್ವಿನಿ ಡೌನ್‌ಸ್ಟ್ರೋಕ್

ಚೆಂಡೆ ಆಗುತ್ತದೆ, ಆದರೆ ಒಂಟಿಯಾಗಿ ಬೇಡ. ಚೆಂಡೆಯ ಸದ್ದು ಮೇಲಿನದ್ದು, ಸ್ನೇರ್‌ನ ಜಾಗ ಅದು ತುಂಬುತ್ತದೆ. ಕಿಕ್‌ನ ಜಾಗಕ್ಕೆ ಗುಮ್ಮೆನ್ನುವ ಸದ್ದು ಬೇಕು. ಮದ್ದಳೆಯವರೊಬ್ಬರನ್ನು ಕರೆಸಿ, ಎಡದ ಬಲಿಗೆಗೆ (ಚರ್ಮದ ಮುಖಕ್ಕೆ) ಹತ್ತಿರ ಮೈಕ್ ಇಡಿ. ಚೆಂಡೆಗೆ ಮೈಕ್ ಬೇಡ, ಸಣ್ಣ ಹಾಲ್‌ನಲ್ಲಿ ಅದು ಹಾಗೆಯೇ ಗಿಟಾರನ್ನು ಮುಚ್ಚುವಷ್ಟು ಜೋರು. ಚೆಂಡೆಯವರು ಗಿಟಾರ್ ಆ್ಯಂಪ್‌ನಿಂದ ಏಳೆಂಟು ಅಡಿ ದೂರ ನಿಲ್ಲಲಿ.

ತೊಂದರೆ ಬರುವುದು ತಾಳದಲ್ಲಿ. ಆ ಹಾಡಿನ ಪಲ್ಲವಿಗೆ ಮೊದಲಿನ ಭಾಗದ ರಿಫ್ ನಾಲ್ಕು ನಾಲ್ಕರ ಲೆಕ್ಕದಲ್ಲಿ ಮೂರು ಸುತ್ತು ಹೋಗಿ, ನಾಲ್ಕನೆಯ ಸುತ್ತು ತುಂಡಾಗುತ್ತದೆ. ಬರೆಯುವವರು ಅದನ್ನು 5/8, ಅಂದರೆ ಎಂಟರ ಬದಲು ಐದು ಎಣಿಕೆ, ಅಂತ ಬರೆಯುತ್ತಾರೆ. ಕಲಿಯುವವರು ಹೆಚ್ಚಿನವರು ಅಲ್ಲಿ ಗೊತ್ತಿಲ್ಲದೆ ಆರು ಮಾಡಿ ಸಮ ಮಾಡಿಬಿಡುತ್ತಾರೆ, ಆಗ ರಿಫ್‌ನ ಎಡವುವ ಗುಣವೇ ಹೋಗುತ್ತದೆ. ಹಿಮ್ಮೇಳದವರಿಗೆ ಇದನ್ನು ಬಾಯಿತಾಳದಲ್ಲಿ ಹೇಳಿ: ತಕದಿಮಿ ತಕಜಣು ಮೂರು ಸಲ, ಮತ್ತೆ ಒಂದು ಸಲ ತಕ ತಕಿಟ. ಇಪ್ಪತ್ತನಾಲ್ಕು ಮತ್ತು ಐದು, ಒಟ್ಟು ಇಪ್ಪತ್ತೊಂಬತ್ತು ಅಕ್ಷರ. ಖಂಡ ಗತಿ (ಐದರ ಎಣಿಕೆ) ಗೊತ್ತಿರುವವರಿಗೆ ಇದು ಕಷ್ಟವೇ ಅಲ್ಲ, ಗಿಟಾರಿನ ಹುಡುಗರಿಗಿಂತ ಮೊದಲು ಅವರೇ ಹಿಡಿಯುತ್ತಾರೆ. ಮೂಲ ರೆಕಾರ್ಡಿಂಗಿನಲ್ಲಿ ಆ ಐದು ಚೂರು ಎಳೆದ ಹಾಗೆ ಇರುತ್ತದೆ, ಗಡಿಯಾರದಂತೆ ಕಟ್ಟುನಿಟ್ಟಲ್ಲ. ಅದನ್ನು ಕಾಗದದಿಂದ ಕಲಿಯಬೇಡಿ, ಕಿವಿಯಿಂದ ಕಲಿಯಿರಿ.

ವೇಗ 212 ಬಿಪಿಎಂ (ನಿಮಿಷಕ್ಕೆ ಬೀಟು) ಆಸುಪಾಸು. ಒಂದು ಬೀಟಿಗೆ ಎರಡು ಹೊಡೆತದಂತೆ ಸೆಕೆಂಡಿಗೆ ಏಳು, ಎಲ್ಲವೂ ಮೇಲಿನಿಂದ ಕೆಳಗೆ. ಒಂದು ತಿಂಗಳಲ್ಲಿ ಅದು ಬರುವುದಿಲ್ಲ. ಕೂಟದಲ್ಲಿ 180ಕ್ಕೆ ನುಡಿಸಿ, ತಪ್ಪಿಲ್ಲ. ಕೆಳಗೆ ಮೇಲೆ ಎರಡೂ ಹೊಡೆದು 212 ಮುಟ್ಟಿಸುವುದಕ್ಕಿಂತ 180ರಲ್ಲಿ ಬರೀ ಕೆಳಹೊಡೆತ ಮೇಲು. ಮೇಲ್ಹೊಡೆತ ಸೇರಿದರೆ ಒಂದು ಬಿಟ್ಟು ಒಂದು ಸ್ವರ ತೆಳ್ಳಗಾಗುತ್ತದೆ. ಅಭ್ಯಾಸಕ್ಕೆ 140ರಲ್ಲಿ ಎರಡು ನಿಮಿಷ ಬಿಡದೆ ಹೊಡೆಯುವುದು, ಸಲೀಸಾದರೆ ಮರುದಿನ ನಾಲ್ಕು ಏರಿಸುವುದು. ಚಲನೆ ಮಣಿಕಟ್ಟಿನಲ್ಲಿರಲಿ. ಮೊಣಕೈ ಬಿಗಿದು ಮುಂಗೈ ಉರಿಯಲು ಶುರುವಾದರೆ ಅಲ್ಲಿಗೇ ನಿಲ್ಲಿಸಬೇಕು, ಸಹಿಸಿ ಮುಂದುವರಿಸಿದರೆ ನರ ಹಿಡಿಯುತ್ತದೆ. ಪಿಕ್ 1 ಮಿ.ಮೀ. ಅಥವಾ ಅದಕ್ಕಿಂತ ಸ್ವಲ್ಪ ದಪ್ಪ, ತುದಿ ಮಾತ್ರ ಹೊರಗೆ ಕಾಣಬೇಕು.

ಆ್ಯಂಪ್‌ಗೆ ಬಂದರೆ, ಮಾಸ್ಟರ್‌ಗೆ ಹೆಟ್‌ಫೀಲ್ಡ್ ಬಳಸಿದ್ದು ಮೆಸಾ ಬೂಗಿ ಮಾರ್ಕ್ 2ಸಿ ಪ್ಲಸ್. ಅದರ ಐದು ಕಡ್ಡಿಗಳ ಈಕ್ವಲೈಸರ್‌ನಲ್ಲಿ ನಡುವಿನ 750 ಹರ್ಟ್ಸ್ ಇಳಿಸಿದರೆ ಆ ಧ್ವನಿಯ ಹತ್ತಿರ ಬರುತ್ತದೆ. ಅದನ್ನು ನೋಡಿ ಎಲ್ಲರೂ ಮಿಡ್ಲ್ ಗುಂಡಿಯನ್ನು ಸೊನ್ನೆಗೆ ತಿರುಗಿಸುತ್ತಾರೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಅದು ಭರ್ಜರಿ. ಚೆಂಡೆ ಮದ್ದಳೆ ಸೇರಿದ ಕೂಡಲೇ ಗಿಟಾರ್ ಮಾಯ. ಹತ್ತರಲ್ಲಿ ಐದಕ್ಕೆ ಇಡಿ. ಗೇನ್ (ಗಿಟಾರಿನ ಒಡಕು ಸದ್ದು ಏರಿಸುವ ಗುಂಡಿ) ಕೂಡ ಬೇಕೆನಿಸಿದ್ದಕ್ಕಿಂತ ಒಂದು ಗೆರೆ ಕಡಿಮೆ ಇರಲಿ, ಇಬ್ಬರು ಒಟ್ಟಿಗೆ ನುಡಿಸುವಾಗ ಅದು ತಾನಾಗಿ ದಪ್ಪ ಆಗುತ್ತದೆ. ಅಂಗೈಯ ಅಂಚು ಬ್ರಿಡ್ಜ್‌ನ ಮೇಲೆಯೇ ಕೂತಿರಲಿ. ಅರ್ಧ ಇಂಚು ಮುಂದೆ ಜಾರಿದರೂ ಸ್ವರ ಏರುತ್ತದೆ, ಸದ್ದು ಸತ್ತಂತಾಗುತ್ತದೆ. ತಂತಿ 10ರಿಂದ 46ರ ದಪ್ಪದ ಸೆಟ್ ಸಾಕು, ಸ್ಟ್ಯಾಂಡರ್ಡ್ ಇ ಶ್ರುತಿ. ಈಗಿನ ಲೈವ್ ವಿಡಿಯೊ ಹಾಕಿಕೊಂಡು ಅಭ್ಯಾಸ ಮಾಡುವವರಿಗೆ ಶ್ರುತಿ ಕೂಡುವುದಿಲ್ಲ, ಅವರು ವೇದಿಕೆಯಲ್ಲಿ ಅರ್ಧ ಸ್ವರ ಇಳಿಸುತ್ತಾರೆ. ಮಳೆಗಾಲ ಬಿಟ್ಟಿಲ್ಲವಾದ್ದರಿಂದ ನಮ್ಮ ಕಡೆ ಹೊಸ ತಂತಿಯೂ ಎರಡು ವಾರದಲ್ಲಿ ಕಪ್ಪಾಗುತ್ತದೆ. ನುಡಿಸಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕೂಟಕ್ಕೆ ಎರಡು ದಿನ ಮೊದಲು ತಂತಿ ಬದಲಿಸಿ. ಅದೇ ದಿನ ಬದಲಿಸಿದರೆ ಎಳೆದು ಶ್ರುತಿ ಇಳಿಯುತ್ತಲೇ ಇರುತ್ತದೆ.

ಚರ್ಚೆಗೆ ಒಂದು ಸೇರ್ಪಡೆ. ಹಳೆಯದರ ಬಿಗಿಗೆ ಕೈಯದ್ದೂ ಒಂದು ಕಾರಣ ಉಂಟು. ಬ್ಲ್ಯಾಕ್ ಆಲ್ಬಂವರೆಗೆ ಎಡ ಬಲ ಎರಡೂ ಕಡೆಯ ರಿದಂ ಗಿಟಾರ್ (ರಿಫ್ ಹೊಡೆಯುವ ಗಿಟಾರ್) ಹೆಟ್‌ಫೀಲ್ಡ್ ಒಬ್ಬರದೇ. ಹ್ಯಾಮೆಟ್ ರಿದಂಗೂ ಕೈ ಹಾಕಿದ್ದು 1996ರ ಲೋಡ್‌ನಿಂದ. ಒಂದೇ ಕೈ ಎರಡು ಸಲ ಹೊಡೆದರೆ ಹೊಡೆತಗಳು ಒಂದರ ಮೇಲೊಂದು ಕೂರುತ್ತವೆ. ಕೂಟದಲ್ಲಿ ನಿಮ್ಮ ಇಬ್ಬರೂ ಹುಡುಗರು ರಿಫ್ ಹೊಡೆಯುವಾಗ ಇದು ಎಲ್ಲರ ಕಿವಿಗೂ ಗೊತ್ತಾಗುತ್ತದೆ.

ಅಕ್ಕಲಕೋಟ ಥ್ರಾಶ್

ಇನಾಮೊರಾಟಾ ಕೊನೀಗೆ ಇಡಬ್ಯಾಡ್ರಿ. ಒಂದು ತಾಸು ಕೇಳಿ ದಣದ ಕಿವಿಗೆ 11 ನಿಮಿಷ ಭಾರ ಆಗ್ತದ, ಹಾಡಿಗೆ ಅನ್ಯಾಯ ಆಗ್ತದ. ಓರಿಯನ್–ಇನಾಮೊರಾಟಾ ಜೋಡಿ ಎರಡನೇದ್ದು ಮಾಡ್ರಿ, ಮತ್ತ ಇನಾಮೊರಾಟಾನ ಮೊದಲ ಹಾಕ್ರಿ. ಓರಿಯನ್ ಕೇಳಿದ ಮ್ಯಾಲ ಅದನ್ನ ಕೇಳಿಸಿದ್ರ ಯಾರೂ ಖಾಲಿ ಮನಸ್ಸಿಲೆ ಕೇಳೂದಿಲ್ಲ.

ಚಂದ್ರಗಿರಿ ಬೇಸ್

ಒಪ್ಪಿದೆ. ಮೊದಲು ಮೋಟಾರ್‌ಬ್ರೆತ್ ಮತ್ತು ಲಕ್ಸ್ ಇಟರ್ನಾ ಹಾಕಿ, ಆರೂವರೆ ನಿಮಿಷದಲ್ಲಿ ಮುಗಿಯುತ್ತದೆ, ಜನ ಕೂರುತ್ತಾರೆ. ಹಾಡಿನ ಹೆಸರು ಮೊದಲು ಹೇಳಬೇಡಿ. ಮೆಟಾಲಿಕಾ ಹೆಚ್ಚು ಕೇಳದವರು ನಾಲ್ಕೈದು ಜನ ಬರುವಂತೆ ನೋಡಿಕೊಳ್ಳಿ. ಯಾವುದು ಹಳೆಯದು ಯಾವುದು ಹೊಸದು ಅಂತ ಅವರು ಚೀಟಿಯಲ್ಲಿ ಬರೆದು ಕೊಡಲಿ, ಚರ್ಚೆ ಶುರುವಾಗುವ ಮೊದಲೇ ಚೀಟಿ ತೆಗೆದುಕೊಳ್ಳಿ.

ಕುಂಬಳೆ ರಿಫ್

ಚೀಟಿ ಮಾಡುತ್ತೇವೆ. ಮದ್ದಳೆಯವರೂ ಒಪ್ಪಿದ್ದಾರೆ, 29 ಅಕ್ಷರ ಅಂದ ಕೂಡಲೇ ಮೇಜಿನ ಮೇಲೆಯೇ ಬಾರಿಸಿ ತೋರಿಸಿದರು. ಐದನ್ನು ಎಳೆಯುವುದು ಎಷ್ಟು ಎಂದು ರೆಕಾರ್ಡ್ ಕೇಳಿ ತೀರ್ಮಾನ ಮಾಡುವುದಾಗಿ ಹೇಳಿದ್ದಾರೆ. ಹೊಸೂರಿನವರೇ, ಎಂಟೂ ಹಾಡುಗಳನ್ನು ಮೈನಸ್ 18ಕ್ಕೆ ತಂದು ಆಯಿತು. ದ ಡೇ ದ್ಯಾಟ್ ನೆವರ್ ಕಮ್ಸ್‌ನ ಮೂಲ ಫೈಲಿನಲ್ಲಿ ಕೆಂಪು ಗೆರೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಪರದೆಗೆ ಅದನ್ನೇ ಹಾಕುತ್ತೇವೆ.